ಕಾರ್ಡ್‌ನಲ್ಲೇ ನಿಲ್ಲಿಸಿ, ಆರ್ಡರ್ ಬಂದಮೇಲೆ ಕತ್ತರಿಸುವುದು: ಆ್ಯಂಟಿಜೆನ್ ಕಿಟ್ ಲೈನ್‌ನಲ್ಲಿ ನನ್ನ ಅನುಭವ

ನೌಕರರನ್ನು ಪರೀಕ್ಷಿಸುವ ಕೋವಿಡ್ ಕಿಟ್‌ಗೆ ಕಂಪನಿಗಳು ಕೊಡುವ ಅಂದಾಜು ನಂಬಿ ತಯಾರಿಕೆಯ ಲೈನ್ ಓಡಿಸಿದರೆ ಕೈ ಸುಡುವುದು ಖಂಡಿತ. ಮೊದಲ ಸುತ್ತಿನಲ್ಲಿ 25ರ ಪೆಟ್ಟಿಗೆಗಳನ್ನು ಪೂರ್ತಿ ಕಟ್ಟಿಟ್ಟಿದ್ದೆ. ಅಲೆ ಇಳಿದದ್ದೇ ತಡ, ಆರ್ಡರ್ ಮಾಯ. ಲೇಬಲ್ ಮೇಲೆ ಆಯಸ್ಸು 12 ತಿಂಗಳಿದ್ದರೂ ಕೊಳ್ಳುವವರು ಕನಿಷ್ಠ 6 ತಿಂಗಳಾದರೂ ಉಳಿದಿರಲಿ ಅನ್ನುತ್ತಾರೆ, ಹಾಗಾಗಿ ಮಾರಲು ಸಿಗುವುದು ಅರ್ಧ ವರ್ಷವೇ. ಮೂರರಲ್ಲೊಂದು ಪಾಲು ನಾಶಕ್ಕೆ ಹೋಯಿತು. ನಾಶ ಮಾಡಿಸುವುದಕ್ಕೂ ದುಡ್ಡು ತೆರಬೇಕು ಅನ್ನುವುದು ಆಗಲೇ ಗೊತ್ತಾಗಿದ್ದು.

ವೆಚ್ಚವನ್ನು ಬಿಡಿಸಿ ನೋಡಿದೆ. ಫಲಿತಾಂಶದ ಗೆರೆ ಮೂಡುವ ಪಟ್ಟಿ, ಅಂದರೆ ಸ್ಟ್ರಿಪ್‌ಗೆ ಸುಮಾರು ಕಾಲು ಭಾಗ. ಉಳಿದದ್ದೆಲ್ಲ ಸ್ವಾಬ್, ಬಫರ್ (ಮಾದರಿ ಬೆರೆಸುವ ದ್ರಾವಣ) ಟ್ಯೂಬ್, ಸ್ಟ್ರಿಪ್ ಕೂರಿಸುವ ಕ್ಯಾಸೆಟ್, ಪೌಚ್, ಪೆಟ್ಟಿಗೆ, ಕೂಲಿ. ಆದರೆ ಕೈಗೆ ಸಿಗಲು ತಿಂಗಳುಗಟ್ಟಲೆ ಕಾಯಬೇಕಾದ ಮಾಲು ಸ್ಟ್ರಿಪ್‌ನೊಳಗಿನದ್ದೇ: ಬಫರ್ ಹರಿಯುವ ನೈಟ್ರೊಸೆಲ್ಯುಲೋಸ್ ಪೊರೆ, ವೈರಸ್ಸಿನ ಅಂಶ ಹಿಡಿಯುವ ಪ್ರತಿಕಾಯ. ಹಾಗಾಗಿ ಪೊರೆ ಮತ್ತಿತರ ಪದರ ಅಂಟಿಸಿ ಲ್ಯಾಮಿನೇಟ್ ಆದ, ಇನ್ನೂ ಸ್ಟ್ರಿಪ್ ಆಗಿ ಕತ್ತರಿಸದ ಕಾರ್ಡ್‌ನಲ್ಲೇ ಸ್ಟಾಕ್ ನಿಲ್ಲಿಸಿದೆ. ಅರ್ಧಂಬರ್ಧ ಮಾಲು ಯಾರಿಗೆ ಬೇಕು ಎಂದು ಹಣಕಾಸಿನವರು ನಕ್ಕರು. ಮುಂದಿನ ಅಲೆಯಲ್ಲಿ ಆರ್ಡರ್ ಬಂದ ಎಂಟನೇ ದಿನಕ್ಕೆ ಕಿಟ್ ಹೊರಟಾಗ ನಗು ನಿಂತಿತು.

ಪೊರೆಯ 100 ಮೀಟರ್ ಸುರುಳಿಯನ್ನು 4 ಮಿ.ಮೀ. ಅಗಲಕ್ಕೆ ಕತ್ತರಿಸಿದರೆ ಲೆಕ್ಕಕ್ಕೆ 25,000 ಸ್ಟ್ರಿಪ್, ಕೈಗೆ 21–22 ಸಾವಿರ. 300 ಮಿ.ಮೀ. ಕಾರ್ಡ್‌ನ ಎರಡೂ ತುದಿ, ಸುರುಳಿಯ ಜೋಡಣೆ ಇರುವ ಜಾಗ, ಎಲ್ಲ ಬುಟ್ಟಿಗೆ. ಸೋಂಕಿದ್ದರೆ ಮೂಡುವ ಟೆಸ್ಟ್ ಗೆರೆಗೆ ಸೆಂ.ಮೀ.ಗೆ 1 ಮೈಕ್ರೊಲೀಟರ್, ಸಾಂದ್ರತೆ ಮಿ.ಲೀ.ಗೆ 1 ಮಿ.ಗ್ರಾಂ ಅಂದರೆ ಸುರುಳಿಗೆ 10 ಮಿ.ಗ್ರಾಂ ಪ್ರತಿಕಾಯ. ಪಂಪು, ಕೊಳವೆಯಲ್ಲಿ ಉಳಿದುಹೋಗುವುದು ಬೇರೆ. ಈ ನಷ್ಟ ಪ್ರತಿ ಲಾಟಿಗೂ (ಒಮ್ಮೆಗೆ ಮಾಡುವ ತಂಡಕ್ಕೂ) ಒಂದೇ ಆದ್ದರಿಂದ ಅರ್ಧ ಸುರುಳಿಯ ಲಾಟ್ ಹಾಕಬೇಡಿ.

ಕಾರ್ಡ್ ಇಡುವುದರಲ್ಲೇ ಹೆಚ್ಚು ಎಡವಿದ್ದು. ಮೊದಲು ನಲವತ್ತರಂತೆ ಒಂದರ ಮೇಲೊಂದು ಮಲಗಿಸಿಟ್ಟೆ. ಆರು ವಾರಕ್ಕೆ ಕೆಳಗಿನವುಗಳ ಅಂಟು ಪೊರೆಯೊಳಗೆ ಹರಿದು, ಬಫರ್ ಒಂದು ಪಕ್ಕಕ್ಕೇ ಸರಿಯತೊಡಗಿತು. ಈಗ ಫಾಯಿಲ್ ಚೀಲದಲ್ಲಿ ತೇವ ಹೀರುವ ಡೆಸಿಕೆಂಟ್ ಜೊತೆ, ಭಾರ ಬೀಳದಂತೆ ನಿಲ್ಲಿಸಿ ಇಡುತ್ತೇನೆ. ಕೋಣೆ ತೀರಾ ಒಣಗಿದರೆ ಕತ್ತರಿಸಿದ ಸ್ಟ್ರಿಪ್ ಸ್ಥಿರವಿದ್ಯುತ್ತಿಗೆ ಬ್ಲೇಡಿಗೇ ಅಂಟುತ್ತದೆ, ಅಯೊನೈಸರ್ ಪಟ್ಟಿ ಹಾಕಲೇಬೇಕು. ಇನ್ನೊಂದು ಸಂಗತಿ: ಕಾಯ್ದಿಟ್ಟ ಕಾರ್ಡ್‌ನಿಂದ ಮಾಡಿದ ಮೂರು ಲಾಟ್‌ಗಳ ಸ್ಥಿರತಾ ದಾಖಲೆ ಇಲ್ಲದಿದ್ದರೆ ಗುಣಮಟ್ಟದವರು ಆಯಸ್ಸನ್ನು ಲ್ಯಾಮಿನೇಶನ್ ದಿನದಿಂದಲೇ ಎಣಿಸುತ್ತಾರೆ. ಅಲ್ಲಿಗೆ ಲಾಭವೆಲ್ಲ ಸೊನ್ನೆ.

ಗೆರೆಗೆ ಬಣ್ಣ ಕೊಡುವ ಚಿನ್ನದ ಕಾಂಜುಗೇಟ್ (ಪ್ರತಿಕಾಯ ಅಂಟಿಸಿದ ಚಿನ್ನದ ಕಣಗಳ) ದ್ರಾವಣ 2–8 ಡಿಗ್ರಿಯಲ್ಲೇ ಇರಲಿ. ಒಮ್ಮೆ ಫ್ರೀಜರ್‌ಗೆ ಹೋಗಿ, ಕೆಂಪು ಇದ್ದದ್ದು ನೇರಳೆಗೆ ತಿರುಗಿ ಇಡೀ ಬ್ಯಾಚ್ ಚೆಲ್ಲಿದ್ದೇನೆ. ಒಣಗಿಸುವ ಬಫರ್‌ನಲ್ಲಿ ನಾನು ಹಾಕುವ ಸಕ್ಕರೆಯ ಪ್ರಮಾಣ ಮಾತ್ರ ಕೇಳಬೇಡಿ.

ಪೊರೆ ಸಿಗದ ದಿನಗಳಲ್ಲಿ 3.5 ಮಿ.ಮೀ.ಗೆ ಕತ್ತರಿಸಿಯೂ ನೋಡಿದೆ. ಸುರುಳಿಗೆ ಮೂರು ಸಾವಿರದಷ್ಟು ಹೆಚ್ಚು ಬಂತು. ಆದರೆ ಕ್ಯಾಸೆಟ್ ಅಚ್ಚು 4 ಮಿ.ಮೀ.ಗೆ ಮಾಡಿಸಿದ್ದು; ಸ್ಟ್ರಿಪ್ ಒಳಗೆ ಅಲುಗಾಡಿ, ಬಫರ್ ಅಂಚಿನಿಂದ ನುಗ್ಗಿತು. ಹೊಸ ಅಚ್ಚಿನ ದುಡ್ಡು ಕೇಳಿ ಕೈಬಿಟ್ಟೆ.

ಇನ್ನು ಬೇಡಿಕೆ. ಸಾವಿರ ನೌಕರರು, ವಾರಕ್ಕೆ ಎರಡು ಪರೀಕ್ಷೆ ಅಂದರೆ ಕಂಪನಿ 2,000 ಬರೆಯುತ್ತದೆ. ರಜೆ, ಮನೆಯಿಂದ ಕೆಲಸ, ತಪ್ಪಿಸಿಕೊಳ್ಳುವವರು ಎಲ್ಲ ಕಳೆದು ತೆರೆದ ಪೌಚ್ 1,100ರ ಆಸುಪಾಸು. ಹಾಗಾಗಿ ಮರು ಆರ್ಡರ್‌ಗೆ ಮುಂಚೆ ಅವರ ಕಪಾಟಿನಲ್ಲಿ ಯಾವ ಲಾಟಿನದು ಎಷ್ಟು ಉಳಿದಿದೆ ಎಂದು ಕೇಳುತ್ತೇನೆ. ಹೇಳದವರಿಗೆ ಮುಂಗಡ ಹೆಚ್ಚು. ಒಂದೇ ಕಂಪನಿ ಮೂವರು ವಿತರಕರ ಹತ್ತಿರ ಕೇಳಿರುತ್ತದೆ. ನೌಕರರ ಸಂಖ್ಯೆ, ಶಾಖೆಗಳ ಸಂಖ್ಯೆ, ಬೇಕಾದ ತಾರೀಕು ಮೂರೂ ತಾಳೆಯಾದರೆ ಅದು ಒಂದೇ ಆರ್ಡರ್. ಹೀಗೆ ಸೋಸಿದಾಗ ನನ್ನ ಪಟ್ಟಿ ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು.

ಸರ್ಕಾರಿ ನಿಯಮದಿಂದ ಹುಟ್ಟಿದ ಬೇಡಿಕೆಗೆ ಬೇರೆ ಹಾಳೆ. ಅಮೆರಿಕದಲ್ಲಿ 100 ಅಥವಾ ಹೆಚ್ಚು ನೌಕರರಿರುವ ಕಂಪನಿಗಳಿಗೆ ಲಸಿಕೆ ಇಲ್ಲವೇ ವಾರವಾರ ಪರೀಕ್ಷೆ ಎಂಬ ನಿಯಮ 2021ರ ನವೆಂಬರ್‌ನಲ್ಲಿ ಹೊರಬಿತ್ತು. 2022ರ ಜನವರಿ 13ರಂದು ಅಲ್ಲಿನ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಇಂಥ ಬೇಡಿಕೆಗೆ ಪಾಳಿ ಹೆಚ್ಚಿಸಬಹುದು, ಯಂತ್ರ ಕೊಳ್ಳಬಾರದು.

ಒಂದು ಯಂತ್ರಕ್ಕೆ ಮಾತ್ರ ವಿನಾಯಿತಿ: ಪೌಚ್ ಸೀಲರ್. ಕಾರ್ಡ್ ಕಾಯ್ದಿಟ್ಟು ಒಮ್ಮೆಗೇ ಕತ್ತರಿಸಿದಾಗ ಕಟರ್ ಮುಗಿಸಿ ಕೂತಿರುತ್ತದೆ, ಸ್ಟ್ರಿಪ್‌ಗಳು ಸೀಲರ್ ಮುಂದೆ ತೇವ ಹೀರುತ್ತಾ ಬಿದ್ದಿರುತ್ತವೆ. ಎರಡನೆಯದನ್ನು ಹಳೆಯದಾದರೂ ಸರಿ ಎಂದು ಕೊಂಡೆ. ದವಡೆಯ ತಾಪ ಒಂದು ಕಡೆ ಕಡಿಮೆ ಇರುತ್ತಿತ್ತು, ಹೀಟರ್ ಬದಲಿಸಿದ ಮೇಲೆ ಸರಿಹೋಯಿತು.