ಮೊದಲು ಹುಡುಕಿದ್ದು ಹಳೆಯ ನಕ್ಷೆ

ಕಡಲ ತೀರದ ದೊಡ್ಡ ನಗರವೊಂದರ ಭೂಕಂಪದ ಅಪಾಯ ಅಳೆಯುವ ಕೆಲಸಕ್ಕೆ ಇಳಿದಾಗ ಎಲ್ಲರೂ ಕೇಳಿದ್ದು ಒಂದೇ: ಫಾಲ್ಟ್, ಅಂದರೆ ಭೂಕಂಪ ಹುಟ್ಟುವ ನೆಲದಾಳದ ಬಿರುಕು, ಎಷ್ಟು ದೂರ ಇದೆ? ಅದೂ ಬೇಕು, ನಿಜ. ಹಿಂದಿನ ಭೂಕಂಪಗಳ ಪಟ್ಟಿ ಹಿಡಿದು, ಗಟ್ಟಿ ಬಂಡೆಯ ಮೇಲೆ ಎಷ್ಟು ಅಲುಗಾಟ ಬರಬಹುದೆಂದು ಲೆಕ್ಕ ಹಾಕಿದೆ. ಮುಂದಿನ 50 ವರ್ಷದಲ್ಲಿ ಅದಕ್ಕಿಂತ ಜೋರಾದ ಅಲುಗಾಟ ಬರುವ ಸಾಧ್ಯತೆ ಶೇ 10 ಇರುವ ಮಟ್ಟ ಅದು. ಈ ಭಾಗ ಕಂಪ್ಯೂಟರ್ ಮುಂದೆ ಕೂತೇ ಮುಗಿಯುತ್ತದೆ. ಆದರೆ ಊರು ಪೂರ್ತಿ ಬಂಡೆಯ ಮೇಲೆ ನಿಂತಿರುವುದಿಲ್ಲ ಅಲ್ವಾ?

ಅದಕ್ಕೇ ಹಳೆಯ ನಕ್ಷೆಗಳ ಬೆನ್ನು ಹತ್ತಿದೆ. ಹಿಂದೆ ದಡ ಎಲ್ಲಿತ್ತು, ಯಾವ ಹಳ್ಳ ಮುಚ್ಚಿದರು, ಯಾವ ಜೌಗಿಗೆ ಮಣ್ಣು ತುಂಬಿ ಬಡಾವಣೆ ಮಾಡಿದರು ಎಲ್ಲ ಅದರಲ್ಲಿದೆ. 1989ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಸುಮಾರು 100 ಕಿ.ಮೀ. ದೂರದಲ್ಲಿ ಭೂಮಿ ನಡುಗಿದಾಗ ಮರೀನಾ ಬಡಾವಣೆಯ ಮನೆಗಳು ಕುಸಿದವು. ಅದು ತುಂಬಿಸಿದ ನೆಲ. 1995ರಲ್ಲಿ ಜಪಾನಿನ ಕೋಬೆಯಲ್ಲಿ ಭೂಕಂಪವಾದಾಗ, ಕಡಲಿಗೆ ಮಣ್ಣು ತುಂಬಿ ಮಾಡಿದ ಪೋರ್ಟ್ ಐಲ್ಯಾಂಡ್‌ನಲ್ಲೂ ಮರಳು ಕೆಸರಾಗಿ ಮೇಲೆ ಉಕ್ಕಿತು.

ಆಮೇಲೆ ಬೋರ್ ಲಾಗ್, ಅಂದರೆ ನೆಲ ಕೊರೆದಾಗ ಯಾವ ಆಳದಲ್ಲಿ ಎಂಥ ಮಣ್ಣು ಸಿಕ್ಕಿತೆಂಬ ದಾಖಲೆ, ಒಟ್ಟು ಮಾಡುವ ಕೆಲಸ. ಮೆಟ್ರೊ, ಸೇತುವೆ, ಎತ್ತರದ ಕಟ್ಟಡ ಕಟ್ಟುವವರೆಲ್ಲ ಬೋರ್ ಹೊಡೆಸಿರುತ್ತಾರೆ, ಕಾಗದ ಮಾತ್ರ ಸುಲಭಕ್ಕೆ ಕೈಗೆ ಬರುವುದಿಲ್ಲ. ನಾನು ಮೊದಲು ನೋಡುತ್ತಿದ್ದುದು ಮಣ್ಣು ಎಷ್ಟು ಗಟ್ಟಿ ಎಂದು ಹೇಳುವ ಎನ್ ವ್ಯಾಲ್ಯೂ: 63.5 ಕೆ.ಜಿ. ಸುತ್ತಿಗೆ 75 ಸೆಂ.ಮೀ. ಎತ್ತರದಿಂದ ಬಿದ್ದು, ಮಣ್ಣಿಗೆ ಇಳಿಸುವ ಕೊಳವೆ ಕೊನೆಯ 30 ಸೆಂ.ಮೀ. ಇಳಿಯಲು ಎಷ್ಟು ಪೆಟ್ಟು ಬೇಕಾಯಿತು ಅನ್ನುವ ಲೆಕ್ಕ. ಸಡಿಲ ಮರಳು, ಕಡಿಮೆ ಪೆಟ್ಟು, ಮೇಲೆಯೇ ನೀರು. ಈ ಮೂರೂ ಒಂದೇ ಕಡೆ ಸಿಕ್ಕರೆ ಅಲ್ಲಿ ಮಣ್ಣು ದ್ರವದ ಹಾಗೆ ಹರಿಯುವ ಭಯ ಜಾಸ್ತಿ. ನೀರಿನ ಮಟ್ಟ ಋತುವಿಗೆ ತಕ್ಕಂತೆ ಬದಲಾಗುತ್ತದೆ. ನಾನು ಲೆಕ್ಕಕ್ಕೆ ತೆಗೆದುಕೊಂಡದ್ದು ವರ್ಷದ ಅತಿ ಮೇಲಿನ ಮಟ್ಟವನ್ನೇ.

ಬೋರ್ ಇಲ್ಲದ ಕಡೆ ಆಟದ ಮೈದಾನ, ಪಾರ್ಕುಗಳಲ್ಲಿ ನೆಲದ ಕಂಪನ ಹಿಡಿಯುವ ಜಿಯೋಫೋನ್‌ಗಳನ್ನು ಸಾಲಾಗಿ ಹೂಡಿ, ಕಬ್ಬಿಣದ ತಟ್ಟೆಗೆ ಸುತ್ತಿಗೆಯಿಂದ ಹೊಡೆದು, ಆ ಪೆಟ್ಟಿನ ಅಲೆ ಮಣ್ಣಿನಲ್ಲಿ ಸಾಗುವ ವೇಗ ಅಳೆದೆವು. ಇದನ್ನು ರಾತ್ರಿಯೇ ಮಾಡಬೇಕು. ಹಗಲು ಬಸ್ಸು, ಲಾರಿಗಳ ಗದ್ದಲದಲ್ಲಿ ನಮ್ಮ ಪೆಟ್ಟು ಮುಳುಗಿಹೋಗುತ್ತದೆ. ಮೇಲಿನ 30 ಮೀಟರ್ ಮಣ್ಣಿನಲ್ಲಿ ವೇಗ ಸೆಕೆಂಡಿಗೆ 180 ಮೀಟರ್ ಇದ್ದು, ಅದರ ಕೆಳಗೆ ಬಂಡೆ ಇದೆ ಅನ್ನಿ. ದಪ್ಪದ ನಾಲ್ಕು ಪಟ್ಟನ್ನು ವೇಗದಿಂದ ಭಾಗಿಸಿದರೆ ಆ ನೆಲ ಸುಮಾರು 0.67 ಸೆಕೆಂಡಿಗೊಮ್ಮೆ ತೂಗುತ್ತದೆ ಎಂದಾಗುತ್ತದೆ. ಆರೇಳು ಅಂತಸ್ತಿನ ಕಟ್ಟಡವೂ ಹೆಚ್ಚುಕಡಿಮೆ ಅದೇ ಲಯದಲ್ಲಿ ತೂಗುವುದರಿಂದ ಪೆಟ್ಟು ಅದಕ್ಕೇ ಜೋರು. 1985ರಲ್ಲಿ ಮೆಕ್ಸಿಕೊ ಸಿಟಿಯ ಹಳೆ ಕೆರೆಯ ಜೇಡಿಮಣ್ಣು ಸುಮಾರು 2 ಸೆಕೆಂಡಿನ ಲಯದಲ್ಲಿ ತೂಗಿ, ಎತ್ತರದ ಕಟ್ಟಡಗಳನ್ನು ಉರುಳಿಸಿತು. ಭೂಕಂಪದ ಕೇಂದ್ರ 300 ಕಿ.ಮೀ.ಗಿಂತಲೂ ಆಚೆ ಇತ್ತು.

ಅಧಿಕಾರಿಗಳಿಗೆ ಬೇಕಿದ್ದದ್ದು ಕೆಂಪು, ಹಳದಿ, ಹಸಿರಿನ ಒಂದೇ ನಕ್ಷೆ. ನಾನು ಒಪ್ಪಲಿಲ್ಲ. ಗಿಡ್ಡ ಮನೆಗೆ ಅಪಾಯದ ಜಾಗ ಬೇರೆ, ಎತ್ತರದ ಕಟ್ಟಡಕ್ಕೆ ಬೇರೆ, ಮರಳು ಹರಿಯುವ ಜಾಗ ಇನ್ನೂ ಬೇರೆ. ಮೂರು ನಕ್ಷೆ ಕೊಟ್ಟೆ. ಮಾಹಿತಿ ಸಿಗದ ಕಡೆ ಸುಮ್ನೆ ಬಣ್ಣ ತುಂಬದೆ ಅಡ್ಡಗೆರೆ ಹಾಕಿ, ಮುಂದಿನ ಬೋರ್ ಇಲ್ಲೇ ಹೊಡೆಸಿ ಎಂದು ಬರೆದೆ.