ಬಿಳಿ ಮೀಟಿಯರ್‌ಗೆ ಬಣ್ಣ ಹಚ್ಚಿದ್ದು

ಬ್ರಿಟನ್ನಿನ ಜೆಟ್ ಯುದ್ಧವಿಮಾನ ಗ್ಲಾಸ್ಟರ್ ಮೀಟಿಯರ್‌ನ ಪುಟ್ಟ ಮಾದರಿ ಜೋಡಿಸುವ ಕಿಟ್ ತಂದಾಗ ನನ್ನ ತಲೆಯಲ್ಲಿದ್ದ ದಿನ 1944ರ ಆಗಸ್ಟ್ 4. ಅಂದು ಬ್ರಿಟಿಷ್ ವಾಯುಪಡೆಯ 616ನೇ ಸ್ಕ್ವಾಡ್ರನ್‌ನ ಪೈಲಟ್ ಡಿಕ್ಸಿ ಡೀನ್ ಮೀಟಿಯರ್‌ನಲ್ಲಿ ಕೆಂಟ್ ಪ್ರಾಂತ್ಯದ ಮೇಲೆ ಜರ್ಮನರ ವಿ-1 ಹಾರುಬಾಂಬೊಂದರ ಬೆನ್ನು ಹತ್ತಿದ್ದರು. ಗುಂಡು ಹಾರಿಸಲು ಹೋದರೆ ಬಂದೂಕುಗಳು ಕಚ್ಚಿಕೊಂಡವು. ಪಕ್ಕಕ್ಕೆ ಬಂದು, ತಮ್ಮ ರೆಕ್ಕೆಯನ್ನು ಬಾಂಬಿನ ರೆಕ್ಕೆಯಡಿಗೆ ತಂದು, ಎತ್ತಿ ಮಗುಚಿಬಿಟ್ಟರು. ಬ್ರಿಟಿಷ್ ಜೆಟ್ಟಿಗೆ ದಕ್ಕಿದ ಮೊದಲ ಬೇಟೆ ಅದು.

ಆದರೆ ಅದೇ ಸ್ಕ್ವಾಡ್ರನ್ನಿನ 1945ರ ಚಳಿಗಾಲದ ಫೋಟೋಗಳನ್ನು ನೋಡಿದ ಮೇಲೆ ಮನಸ್ಸು ಬದಲಾಯಿತು. ವಿಮಾನ ಮೂಗಿನಿಂದ ಬಾಲದವರೆಗೆ ಬಿಳಿ! ಫೆಬ್ರವರಿಯಲ್ಲಿ ಒಂದು ತುಕಡಿ ಬೆಲ್ಜಿಯಂನ ಮೆಲ್ಸ್‌ಬ್ರೂಕ್‌ಗೆ ಹೋಗಿತ್ತು. ಅಲ್ಲಿದ್ದ ತಮ್ಮದೇ ಸೈನಿಕರಿಗೆ ಈ ಹೊಸ ಆಕಾರದ ಗುರುತಿಲ್ಲ. ಜರ್ಮನರ ಮೆಸ್ಸರ್‌ಶ್ಮಿಟ್ 262 ಕೂಡ ಎರಡು ಎಂಜಿನ್ನಿನ ಜೆಟ್ಟೇ. ನೆಲದಿಂದ ತಮ್ಮವರೇ ಹೊಡೆಯಬಾರದೆಂದು ಬಿಳಿ ಬಳಿದರು. ಶತ್ರು ಹಿಡಿತದ ನೆಲದ ಮೇಲೆ ಹಾರಲು ಮೊದಮೊದಲು ಅನುಮತಿಯೂ ಇರಲಿಲ್ಲ, ಕೆಳಗೆ ಬಿದ್ದರೆ ಗುಟ್ಟು ಶತ್ರುವಿನ ಕೈಸೇರುತ್ತದೆಂದು.

ಮಾದರಿ ಮಾಡುವವರು ಮೊದಲು ದಿನ ಗೊತ್ತುಮಾಡಿಕೊಳ್ಳಬೇಕು ಎಂದು ನಾನು ಒತ್ತಿ ಹೇಳುವುದು ಇದಕ್ಕೇ. ಡೀನ್ ಹಾರಿಸಿದ್ದು ಮೀಟಿಯರ್‌ನ ಎಫ್-1 ಎಂಬ ಆವೃತ್ತಿ; ಪೈಲಟ್ ಕೂರುವ ಜಾಗದ ಮೇಲಿನ ಅದರ ಗಾಜಿನ ಮುಚ್ಚಳ ಪಕ್ಕಕ್ಕೆ ತೆರೆಯುತ್ತದೆ. ಬಿಳಿಯವು ಎಫ್-3, ಅವುಗಳ ಮುಚ್ಚಳ ಹಿಂದಕ್ಕೆ ಜಾರುತ್ತದೆ. ಬಣ್ಣ ಬದಲಾಯಿಸಿ ಮುಚ್ಚಳ ಹಳೆಯದನ್ನೇ ಅಂಟಿಸಿದರೆ ಎಂದೂ ಇರದ ವಿಮಾನವೊಂದು ಮೇಜಿನ ಮೇಲೆ ನಿಲ್ಲುತ್ತದೆ.

1/72 ಅಳತೆಯಲ್ಲಿ, ಅಂದರೆ ನಿಜ ವಿಮಾನದ 72ರಲ್ಲೊಂದು ಪಾಲಿನಲ್ಲಿ, ರೆಕ್ಕೆಗಳು ತುದಿಯಿಂದ ತುದಿಗೆ 18 ಸೆಂಟಿಮೀಟರ್ ಚಿಲ್ಲರೆ. ಮೀಟಿಯರ್‌ನ ಒಂದು ಚಕ್ರ ಮೂಗಿನ ಕೆಳಗಿದೆ; ಮೂಗು ಹಗುರವಾದರೆ ಮಾದರಿ ಬಾಲದ ಮೇಲೆ ಕೂರುತ್ತದೆ. ವಿಮಾನದ ಒಡಲಿನ ಎರಡು ಹೋಳು ಅಂಟಿಸುವ ಮುಂಚೆ, ಗಾಳಕ್ಕೆ ಕಟ್ಟುವ ಸೀಸದ ಗುಂಡುಗಳನ್ನು ಮೂಗಿನೊಳಗೆ ತುಂಬಿದೆ. ಹೋಳುಗಳನ್ನು ಟೇಪಿನಲ್ಲಿ ಬಿಗಿದು, ಚಕ್ರದ ಜಾಗದಲ್ಲಿ ಬೆರಳಿಟ್ಟು ಮತ್ತೆ ಮತ್ತೆ ತೂಗಿ ನೋಡಿದೆ.

ಕಷ್ಟವಿದ್ದದ್ದು ಬಿಳಿಯಲ್ಲಿ. ಬಿಳಿ ಬಣ್ಣ ಬೇಗ ಮುಚ್ಚುವುದಿಲ್ಲ. ಅವಸರಪಟ್ಟು ಎರಡನೇ ಸಲಕ್ಕೇ ದಪ್ಪಗೆ ಹೊಡೆದೆ. ಎಡ ಎಂಜಿನ್ನಿನ ಗೂಡಿನ ಕೆಳಗೆ ಬಣ್ಣ ಇಳಿದು ಹನಿಗಟ್ಟಿತು, ತಗಡಿನ ಜೋಡಣೆಯ ಗೆರೆಗಳು ಮುಚ್ಚಿಹೋದವು. ಎರಡು ದಿನ ಒಣಗಲು ಬಿಟ್ಟು, ನೀರಿನಲ್ಲಿ ಅದ್ದಿದ ನಯವಾದ ಉಪ್ಪುಕಾಗದದಿಂದ ಉಜ್ಜಿದೆ. ಗೆರೆಗಳನ್ನು ಸೂಜಿಯಿಂದ ಮತ್ತೆ ಕೆತ್ತಿದೆ. ತಿಳಿ ಬೂದು ಅಸ್ತರು ಕೊಟ್ಟು, ಏರ್‌ಬ್ರಷ್‌ನಲ್ಲಿ ಮಂಜು ಬಿದ್ದಂತೆ ಐದು ಸಲ ತೆಳ್ಳಗೆ ಹೊಡೆದೆ. ಒಂದೊಂದರ ನಡುವೆ ಒಂದು ರಾತ್ರಿ. ಆಗ ಬಂತು ಆ ಬಿಳಿ. ಹೊಳಪಿನದ್ದಲ್ಲ, ಸುಣ್ಣ ಬಳಿದ ಗೋಡೆಯ ಹಾಗೆ ಮಂಕು. ಯುದ್ಧಭೂಮಿಯ ವಿಮಾನಕ್ಕೆ ಅದೇ ಸರಿ ಎಂದು ನನಗೆ ಅನಿಸಿತು.

ಕೊನೆಗೆ ಸ್ಕ್ವಾಡ್ರನ್ನಿನ ಗುರುತಾದ ವೈ, ಕ್ಯೂ ಅಕ್ಷರಗಳು. ನೀರಿನಲ್ಲಿ ನೆನೆಸಿದ ಡೆಕಾಲ್, ಅಂದರೆ ಅಚ್ಚಿನ ತೆಳು ಚಿತ್ರಪಟ್ಟಿ, ಜಾರಿಸಿ ಕೂರಿಸುವಾಗ ಉಸಿರು ಬಿಗಿಹಿಡಿದಿದ್ದೆ. ಆ ಅಕ್ಷರಗಳ ಆಯುಸ್ಸು ಬಹಳವಿರಲಿಲ್ಲ: 1945ರ ಆಗಸ್ಟ್‌ನಲ್ಲೇ 616ನ್ನು ವಿಸರ್ಜಿಸಿ, ಅದಕ್ಕೆ 263 ಎಂಬ ಸಂಖ್ಯೆ ಕೊಟ್ಟರು.

ಈಗ ಮೇಜಿನ ಮೇಲೆ ಎಫ್-8 ಇದೆ. 1951ರಲ್ಲಿ ಕೊರಿಯಾದಲ್ಲಿ ಸೋವಿಯತ್ ನಿರ್ಮಿತ ಜೆಟ್ ಮಿಗ್-15 ಎದುರಿಸಿದ ಆಸ್ಟ್ರೇಲಿಯಾದ 77ನೇ ಸ್ಕ್ವಾಡ್ರನ್ನಿನದು. ಮೂಗಿಗೆ ಸೀಸ ತುಂಬಿಯಾಗಿದೆ.