ಫ್ಯಾಕ್ಟರಿ ಅಂಗಳದ ಸರಕಿಗೆ ಮರೆ ಕಟ್ಟುವುದು ಹೇಗೆ

ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಯಾವ ಅಡ್ಡರಸ್ತೆಗೆ ಹೋದರೂ ಕಣ್ಣಿಗೆ ಬೀಳುವ ನೋಟ ಒಂದೇ. ಶೆಡ್ಡಿಗೂ ಕಾಂಪೌಂಡಿಗೂ ನಡುವೆ ಬ್ಯಾರೆಲ್, ಮರದ ಪ್ಯಾಲೆಟ್, ಬೋರಿಂಗ್ (ಲೋಹ ಕೊರೆದಾಗ ಉದುರುವ ಚೂರು) ತುಂಬಿದ ಬಿನ್ನು, ಮೇಲೊಂದು ಹರಿದ ಹಸಿರು ನೆಟ್. ಯಾರಾದರೂ ದೂರು ಕೊಟ್ಟ ಮೇಲೆ ನೆಟ್ ಕಿತ್ತು ಶೀಟ್ ಹೊಡೆಸುತ್ತಾರೆ. ತಪ್ಪು ಅಲ್ಲೇ ಆಗುವುದು. ಮಂಜೂರಾದ ನಕ್ಷೆಯಲ್ಲಿ ಆ ಜಾಗ ಸೆಟ್‌ಬ್ಯಾಕ್ ಎಂದಿದ್ದರೆ ಅದು ಗಾಳಿ ಬೆಳಕಿಗೆ, ಬೆಂಕಿ ಬಿದ್ದಾಗ ಓಡಾಡುವುದಕ್ಕೆ ಬಿಟ್ಟ ಜಾಗ. ಎಷ್ಟು ಚೆಂದದ ಮರೆ ಕಟ್ಟಿದರೂ ಅದು ಗೋದಾಮು ಆಗುವುದಿಲ್ಲ. ಮೇಲೆ ಚಾವಣಿ ಇಳಿಸಿದರಂತೂ ನಕ್ಷೆ ಮೀರಿದ ಕಟ್ಟಡವೇ ಆಯಿತು.

ಹಾಗಾಗಿ ಮೊದಲ ಕೆಲಸ ಟೇಪ್ ಹಿಡಿಯುವುದು. ನಕ್ಷೆಯ ಸೆಟ್‌ಬ್ಯಾಕ್ ಗೆರೆಯನ್ನು ನೆಲದ ಮೇಲೆ ಸುಣ್ಣದಲ್ಲಿ ಎಳೆಯಿರಿ. ಸರಕು ಗೆರೆಯಿಂದ ಶೆಡ್ಡಿನ ಕಡೆಗೇ ನಿಲ್ಲಬೇಕು. ಕೆಐಎಡಿಬಿ (ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ) ಬಡಾವಣೆಯಾದರೆ ಹಂಚಿಕೆ ಪತ್ರ ಮತ್ತು ಲೀಸ್ ಕಂ ಸೇಲ್ (ಮೊದಲು ಗುತ್ತಿಗೆ, ಆಮೇಲೆ ಮಾರಾಟ) ಕರಾರಿನ ಷರತ್ತುಗಳನ್ನೂ ಓದಿ. ನಗರದೊಳಗಿನವರು ಇನ್ನೊಂದು ಗಮನಿಸಬೇಕು: 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿ ಜಾಗದಲ್ಲಿ ಐದು ಪಾಲಿಕೆಗಳಿವೆ. ನಿಮ್ಮ ಪ್ಲಾಟ್ ಯಾವುದಕ್ಕೆ ಸೇರಿತು ಎಂದು ತಿಳಿದುಕೊಂಡೇ ಅರ್ಜಿ ಕೊಡಿ.

ಮರೆ ಎಷ್ಟು ಎತ್ತರ ಬೇಕು ಎಂಬುದನ್ನು ರಸ್ತೆಯ ಆಚೆ ಬದಿಯಲ್ಲಿ ನಿಂತು ನಿರ್ಧರಿಸಿ. ಮರೆ 2.4 ಮೀಟರ್ ಎತ್ತರ, ನಿಂತವರ ಕಣ್ಣು ನೆಲದಿಂದ 1.5 ಮೀಟರ್, ನಡುವೆ 12 ಮೀಟರ್ ರಸ್ತೆ ಎಂದಿಟ್ಟುಕೊಳ್ಳಿ. ಮರೆಯಿಂದ 6 ಮೀಟರ್ ಒಳಗಿಟ್ಟ ಅಟ್ಟಿ 2.85 ಮೀಟರ್ ತನಕ ಏರಿದರೂ ಕಾಣುವುದಿಲ್ಲ. ಅದೇ ಅಟ್ಟಿ ಮರೆಗೆ ಒತ್ತಿಕೊಂಡಿದ್ದರೆ 2.4 ದಾಟುತ್ತಿದ್ದಂತೆ ತಲೆ ಹಾಕುತ್ತದೆ. ಮರೆ ಎತ್ತರಿಸುವ ಬದಲು ಸರಕನ್ನು ಹಿಂದಕ್ಕೆ ಸರಿಸುವುದೇ ಅಗ್ಗ. ತುಮಕೂರು ರಸ್ತೆಯ ಪಕ್ಕದವರಿಗೆ ಮಾತ್ರ ಈ ಲೆಕ್ಕ ನಡೆಯದು. ಫ್ಲೈಓವರ್‌ನಿಂದ, ಹಸಿರು ಮಾರ್ಗದ ಮೆಟ್ರೋದಿಂದ ಅಂಗಳ ಪೂರ್ತಿ ಕಾಣುತ್ತದೆ. ಅಲ್ಲಿ ನಕ್ಷೆಗೆ ಒಳಪಟ್ಟ ಚಾವಣಿಯೇ ಗತಿ.

ಇನ್ನು ಕಟ್ಟುವ ಕೆಲಸ. ಹೆಚ್ಚಿನವರು ಸೋಲುವುದು ಗಾಳಿಯ ಲೆಕ್ಕದಲ್ಲಿ. ಕಟ್ಟಡದ ಮೇಲೆ ಬೀಳುವ ಭಾರಗಳ ಭಾರತೀಯ ಮಾನಕ ಐಎಸ್ 875ರ ಮೂರನೇ ಭಾಗದಲ್ಲಿ ಬೆಂಗಳೂರಿಗೆ ಕೊಟ್ಟಿರುವ ಮೂಲ ಗಾಳಿವೇಗ ಸೆಕೆಂಡಿಗೆ 33 ಮೀಟರ್. ಅಂದರೆ ಚದರ ಮೀಟರಿಗೆ ಸುಮಾರು 65 ಕೆಜಿ ಒತ್ತಡ. 2 ಮೀಟರಿಗೊಂದು ಕಂಬ ಹಾಕಿದರೂ 2.4 ಮೀಟರ್ ಎತ್ತರದ ಶೀಟಿನಿಂದ ಒಂದು ಕಂಬದ ಮೇಲೆ ಕಡಿಮೆಯೆಂದರೂ 310 ಕೆಜಿ ಬೀಳುತ್ತದೆ. ಫ್ಯಾಬ್ರಿಕೇಟರ್ ಅಭ್ಯಾಸಬಲದಿಂದ ತರುವ 50x50 ಪೈಪ್ ಏಪ್ರಿಲ್–ಮೇ ಬಿರುಗಾಳಿಗೆ ಬುಡದಲ್ಲೇ ಬಾಗುತ್ತದೆ. 80x80x4 ಎಂಎಂ ಪೈಪನ್ನೇ ಕೇಳಿ. ಗುಂಡಿ 600x600 ಎಂಎಂ ಅಗಲ, 900 ಎಂಎಂ ಆಳ. ಒಂದೊಂದು ಕಂಬಕ್ಕೆ ಎಂ20 ದರ್ಜೆಯ ಕಾಂಕ್ರೀಟ್ ಸುಮಾರು 0.32 ಘನ ಮೀಟರ್ ಹಿಡಿಯುತ್ತದೆ. ಮಣ್ಣು ತುಂಬಿಸಿ ಎತ್ತರಿಸಿದ ಜಾಗವಾದರೆ, ಅಥವಾ ಮರೆ ಇದಕ್ಕಿಂತ ಎತ್ತರವಾದರೆ ಸ್ಟ್ರಕ್ಚರಲ್ ಎಂಜಿನಿಯರಿಂದ ಲೆಕ್ಕ ಹಾಕಿಸಿ.

ಅಡ್ಡಕ್ಕೆ 40x40x2 ಪೈಪ್ ಮೂರು ಸಾಲು, ಅದರ ಮೇಲೆ 0.5 ಎಂಎಂ ಕಲರ್ ಕೋಟೆಡ್ ಶೀಟ್. ಸ್ಕ್ರೂ ಶೀಟಿನ ತಗ್ಗಿಗೆ ಹೊಡೆಯಬೇಕು. ಉಬ್ಬಿಗೆ ಹೊಡೆದರೆ ಕೆಳಗೆ ಆಸರೆ ಇರುವುದಿಲ್ಲ, ಶೀಟ್ ಗಾಳಿಗೆ ಪಟಪಟ ಬಡಿದು ತೂತು ಅಗಲವಾಗುತ್ತದೆ, ರಬ್ಬರ್ ವಾಷರ್ ಅದರಲ್ಲೇ ತೂರಿಹೋಗುತ್ತದೆ. ಕೆಳಗೆ 100 ಎಂಎಂ ಬಿಟ್ಟು ಜಾಲರಿ ಹಾಕಿ. ಮಳೆನೀರು ಹರಿದುಹೋಗಲಿ, ಶೀಟಿನ ಅಂಚು ಮಣ್ಣಿಗೆ ತಾಗಿ ತುಕ್ಕು ಹಿಡಿಯದಿರಲಿ. ಆರಿಂಚಿನ ಬ್ಲಾಕ್ ಕಾಂಪೌಂಡಿನ ತಲೆಗೆ ಆಂಗಲ್ ಬೋಲ್ಟ್ ಮಾಡಿ ಶೀಟ್ ಏರಿಸುವ ಅಡ್ಡದಾರಿ ಬೇಡವೇ ಬೇಡ. ಆ ಗೋಡೆ ಅಷ್ಟು ಗಾಳಿ ತಡೆಯಲು ಕಟ್ಟಿದ್ದಲ್ಲ, ಬಿದ್ದರೆ ರಸ್ತೆಯವರ ಮೇಲೆ ಬೀಳುತ್ತದೆ. ಗೇಟಿನ ಎರಡೂ ಪಕ್ಕ, ರಸ್ತೆ ಮೂಲೆಯಲ್ಲಿ ಮರೆಯನ್ನು ಒಳಕ್ಕೆ ಓರೆಯಾಗಿ ತಿರುಗಿಸಿ. ಇಲ್ಲದಿದ್ದರೆ ಹೊರಬರುವ ಲಾರಿ ಚಾಲಕನಿಗೆ ಬೈಕ್ ಕಾಣುವುದಿಲ್ಲ. ಗೇಟು, ಒಳದಾರಿ 6 ಮೀಟರ್ ಅಗಲವಿದ್ದರೆ ಅಗ್ನಿಶಾಮಕ ವಾಹನ ಸಲೀಸಾಗಿ ಒಳಬರುತ್ತದೆ. ಸರಕಿಗೂ ಮರೆಗೂ ಒಂದು ಮೀಟರ್ ಅಂತರವಿರಲಿ.

ಮರೆಯಿಂದ ಮುಚ್ಚಿಹೋಗದ್ದು ಎಣ್ಣೆ. ಬೋರಿಂಗ್‌ನಿಂದ ಸೋರುವ ಕೂಲಂಟ್ (ಯಂತ್ರ ತಂಪಾಗಿಸುವ ಎಣ್ಣೆನೀರು) ಮೊದಲ ಮಳೆಗೇ ಚರಂಡಿಗೆ ಇಳಿಯುತ್ತದೆ, ಆಗ ಮಾಲಿನ್ಯ ನಿಯಂತ್ರಣ ಮಂಡಳಿಯವರು ಬಾಗಿಲಿಗೆ ಬರುತ್ತಾರೆ. ಬಿನ್ನು, ಬ್ಯಾರೆಲ್ ಇಡುವ ಜಾಗಕ್ಕೆ ಕಾಂಕ್ರೀಟ್ ನೆಲ, ಸುತ್ತ ಕಟ್ಟೆ, ಮೇಲೆ ಚಾವಣಿ ಬೇಕು. ಕಟ್ಟೆಯೊಳಗೆ ಅತಿ ದೊಡ್ಡ ಬ್ಯಾರೆಲ್‌ನ 110 ಶೇಕಡಾ, ಅಂದರೆ 200 ಲೀಟರಿನದ್ದಾದರೆ 220 ಲೀಟರ್ ಹಿಡಿಯಬೇಕು. ಬಳಸಿದ ಎಣ್ಣೆ ಅಪಾಯಕಾರಿ ತ್ಯಾಜ್ಯ. 2016ರ ನಿಯಮದ ಪ್ರಕಾರ ಸಾಮಾನ್ಯವಾಗಿ 90 ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ, ಫಾರಂ 3ರಲ್ಲಿ ಲೆಕ್ಕ ಬರೆದಿರಬೇಕು. ಹಳೆಯ ಟೈರು, ಬಾಯಿ ತೆರೆದ ಡ್ರಮ್ಮುಗಳನ್ನು ಮರೆಯ ಹಿಂದೆ ಮರೆತರೆ ಡೆಂಗಿ ಸೊಳ್ಳೆ ಸಾಕಿದಂತೆ.

ಗಿಡದ ಮರೆ ಬೇಕೆನ್ನುವವರು ಜೂನ್ ಮಳೆ ಹಿಡಿದ ಮೇಲೆ ಡುರಾಂಟಾ ಅಥವಾ ದಾಸವಾಳವನ್ನು 45 ಸೆಂಟಿಮೀಟರಿಗೊಂದರಂತೆ ಎರಡು ಸಾಲು, ಒಂದರ ಸಂದಿಗೆ ಇನ್ನೊಂದು ಬರುವ ಹಾಗೆ ನೆಡಿ. ದಟ್ಟವಾಗಲು ಎರಡು ವರ್ಷ ಬೇಕು, ಅಲ್ಲಿಯವರೆಗೆ ಶೀಟ್ ತೆಗೆಯಬೇಡಿ. ಬಿದಿರು ಬೇಗ ಬೆಳೆಯುತ್ತದೆ ನಿಜ, ಆದರೆ ಅದರ ಗೆಡ್ಡೆ ಕಾಂಪೌಂಡಿನ ಪಾಯವನ್ನು ಎಬ್ಬಿಸಬಹುದು. ಉದುರಿದ ಒಣ ಎಲೆಗೆ ಬೇಸಿಗೆಯಲ್ಲಿ ವೆಲ್ಡಿಂಗ್ ಕಿಡಿಯೊಂದು ಸಾಕು.